ಮೀಟರಿನ ಅಂಕಿ, ಮಾಲಿನ ಸತ್ವ

ಮನೆ - ಮಳಿಗೆ - ವಿಜ್ಞಾನ



ಅಂಗಡಿಗೆ ಬರುವ ಡಬ್ಬಿ, ಪೊಟ್ಟಣಗಳ ಮೇಲೆ ಈಚೆಗೆ ಒಂದು ಮಾತು ತಪ್ಪದೆ ಕಾಣಿಸುತ್ತದೆ: 'ಆ್ಯಂಟಿಆಕ್ಸಿಡೆಂಟ್ ಸಮೃದ್ಧ'. ಚಹಾ ಪುಡಿಯ ಮೇಲೆ ಅದೇ, ನೆಲ್ಲಿಕಾಯಿ ರಸದ ಬಾಟಲಿಯ ಮೇಲೆ ಅದೇ, ಅಡುಗೆ ಎಣ್ಣೆಯ ಡಬ್ಬಿಯ ಮೇಲೂ ಅದೇ. ಕೆಲವು ಕಂಪನಿಗಳ ಪ್ರತಿನಿಧಿಗಳು ಪ್ರಯೋಗಾಲಯದ ವರದಿಯನ್ನೇ ಗಲ್ಲೆಯ ಮೇಲಿಟ್ಟು, "ನೋಡಿ ಸಾಹುಕಾರರೇ, ನಮ್ಮ ಮಾಲಿನ ಅಂಕಿ ಇಷ್ಟು, ಆ ಇನ್ನೊಂದು ಮಾಲಿನದು ಅದರ ಅರ್ಧ" ಎನ್ನುತ್ತಾರೆ. ಇತ್ತ ಮನೆಯಲ್ಲಿ ಕಾಲೇಜು ಓದುವ ಮಕ್ಕಳ ಪ್ರಶ್ನೆ ಬೇರೆ: "ಈರುಳ್ಳಿಯಲ್ಲಿ ಆ ಸತ್ವ ಬಹಳವಂತೆ. ನಾವು ಅದನ್ನು ತಿನ್ನುವುದಿಲ್ಲವಲ್ಲ, ನಮಗೆ ಕೊರತೆಯಾಗುವುದಿಲ್ಲವೇ?"

ಅಂಗಡಿಯ ಪ್ರಶ್ನೆಗೂ ಮನೆಯ ಪ್ರಶ್ನೆಗೂ ಬುಡ ಒಂದೇ. ಆ ಅಂಕಿಯನ್ನು ಅಳೆಯುವುದು ಹೇಗೆ? ಅಳೆದ ಮೇಲೆ ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ? ತಕ್ಕಡಿಯನ್ನು ನಂಬಿ ಬದುಕಿದ ಮನೆತನಗಳು ನಮ್ಮವು. ಹೊಸ ತಕ್ಕಡಿಯೊಂದು ಬಂದಾಗ ಅದರ ಮುಳ್ಳು ಹೇಗೆ ಆಡುತ್ತದೆಂದು ತಿಳಿದುಕೊಳ್ಳುವುದು ನಮಗೆ ಸಹಜವೇ ಆಗಬೇಕು.

ಎಣ್ಣೆ ಕಮಟಾಗುವುದೇಕೆ?

ಮೊದಲು ನಮಗೆ ಪರಿಚಿತವಾದ ಸರಕನ್ನೇ ತೆಗೆದುಕೊಳ್ಳೋಣ. ಎಣ್ಣೆಯನ್ನು ತೆರೆದಿಟ್ಟರೆ ಗಾಳಿಯ ಆಮ್ಲಜನಕ ಅದರ ಕೊಬ್ಬಿನ ಅಣುಗಳನ್ನು ಹಿಡಿಯುತ್ತದೆ. ಹಾಗೆ ಕೆಟ್ಟ ಒಂದು ಅಣು ತನ್ನ ಪಕ್ಕದ ಅಣುವಿನಿಂದ ಕಸಿಯುತ್ತದೆ, ಅದು ಮತ್ತೊಂದರಿಂದ. ಹೀಗೆ ಸರಪಳಿಯಾಗಿ ಕೆಡುಕು ಹರಡುತ್ತದೆ. ಕೊನೆಗೆ ಹುಟ್ಟುವ ಸಣ್ಣ ಸಣ್ಣ ಪದಾರ್ಥಗಳ ವಾಸನೆಯನ್ನೇ ನಾವು 'ಕಮಟು' ಎನ್ನುವುದು. ಬೆಳಕು, ಬಿಸಿ, ತಾಮ್ರ ಕಬ್ಬಿಣಗಳ ಸಂಪರ್ಕ ಇವೆಲ್ಲ ಈ ಸರಪಳಿಯನ್ನು ಚುರುಕುಗೊಳಿಸುತ್ತವೆ.

ಈ ಸರಪಳಿಯನ್ನು ನಡುವೆ ತುಂಡರಿಸುವ ಪದಾರ್ಥಗಳೇ ಆ್ಯಂಟಿಆಕ್ಸಿಡೆಂಟುಗಳು. ಕನ್ನಡದಲ್ಲಿ ಉತ್ಕರ್ಷಣ ನಿರೋಧಕಗಳು ಎನ್ನುತ್ತಾರೆ. ನಾವು ಸುಲಭಕ್ಕೆ 'ಕಾವಲುಗಾರ' ಎನ್ನೋಣ. ಕೊಬ್ಬಿನ ಅಣು ಕೊಡಬೇಕಾದ ಎಲೆಕ್ಟ್ರಾನನ್ನು ಕಾವಲುಗಾರ ತಾನು ಮುಂದೆ ಬಂದು ಕೊಡುತ್ತಾನೆ, ಕೊಟ್ಟು ತಾನು ಸವೆಯುತ್ತಾನೆ. ಎಲ್ಲ ಕಾವಲುಗಾರರೂ ಸವೆದ ಮೇಲೆ ಎಣ್ಣೆ ಬೇಗನೆ ಕೆಡುತ್ತದೆ.

ಸೊಲ್ಲಾಪುರ, ಜತ್ ಕಡೆಯ ಬಂಧುಗಳಿಗೆ ಕುಸುಬೆ ಎಣ್ಣೆಯ ಸ್ವಭಾವ ಗೊತ್ತಿದೆ. ಅದರ ಬಹುಭಾಗ ಆಮ್ಲಜನಕಕ್ಕೆ ಸುಲಭವಾಗಿ ಬಲಿಯಾಗುವ ಲಿನೋಲಿಕ್ ಆಮ್ಲ. ಆದ್ದರಿಂದ ಜೋಪಾನ ತಪ್ಪಿದರೆ ಬೇಗ ಕೆಡುತ್ತದೆ. ಎಳ್ಳೆಣ್ಣೆಯಲ್ಲೂ ಅಂಥ ಆಮ್ಲ ಸಾಕಷ್ಟಿದೆ, ಆದರೂ ಅದು ಬಹಳ ದಿನ ತಾಳುತ್ತದೆ. ಕಾರಣ, ಸೆಸಮಾಲ್ ಮುಂತಾದ ಕಾವಲುಗಾರರು ಎಳ್ಳಿನಲ್ಲೇ ಹುಟ್ಟಿಬಂದಿದ್ದಾರೆ. ಶೇಂಗಾ ಎಣ್ಣೆಯಲ್ಲಿ ಇ ಜೀವಸತ್ವದ ಬಳಗದ ಟೋಕೋಫೆರಾಲುಗಳು ಆ ಕೆಲಸ ಮಾಡುತ್ತವೆ. ಎಣ್ಣೆಯನ್ನು ರಿಫೈನ್ ಮಾಡುವಾಗ, ವಾಸನೆ ತೆಗೆಯುವ ಬಿಸಿಯಲ್ಲಿ, ಇವುಗಳಲ್ಲಿ ಒಂದು ಪಾಲು ಹೊರಟುಹೋಗುತ್ತದೆ. ಆ ಕೊರತೆ ತುಂಬಲು ಕೆಲವರು ಟಿ.ಬಿ.ಎಚ್.ಕ್ಯೂ. ಎಂಬ ಕೃತಕ ಕಾವಲುಗಾರನನ್ನು ಸೇರಿಸುತ್ತಾರೆ. ಅದಕ್ಕೆ ಕಾನೂನಿನ ಮಿತಿ ಕಿಲೋ ಎಣ್ಣೆಗೆ 200 ಮಿಲಿಗ್ರಾಂ. ಡಬ್ಬಿಯ ಮೇಲೆ 319 ಎಂಬ ಸಂಖ್ಯೆ ಕಂಡರೆ ಅದು ಇದೇ.

ಯಾರ್ಡಿನ ಸವಾಲಿನಂತೆ

ಕಾವಲುಗಾರನ ಕೆಲಸವೇ ಎಲೆಕ್ಟ್ರಾನ್ ಕೊಡುವುದು. ಎಲೆಕ್ಟ್ರಾನ್ ಹರಿದರೆ ಅದೇ ವಿದ್ಯುತ್ತು. ಹಾಗಾದರೆ ಕಾವಲುಗಾರನ ಕೈಯಿಂದ ಎಲೆಕ್ಟ್ರಾನನ್ನು ತಂತಿಗೇ ಇಳಿಸಿಕೊಂಡು ಎಣಿಸಬಾರದೇಕೆ? ವಿದ್ಯುತ್-ರಾಸಾಯನಿಕ ಸಂವೇದಕದ ಮೂಲ ಯೋಚನೆ ಇಷ್ಟೇ.

ಪ್ರಾಗ್ ನಗರದ ಯಾರೊಸ್ಲಾವ್ ಹೆಯ್‌ರೋವ್‌ಸ್ಕಿ ಎಂಬ ವಿಜ್ಞಾನಿ 1922ರಲ್ಲಿ, ತೊಟ್ಟಿಕ್ಕುವ ಪಾದರಸದ ಹನಿಗಳನ್ನು ಬಳಸಿ ದ್ರಾವಣದೊಳಗಿನ ಪದಾರ್ಥಗಳನ್ನು ವಿದ್ಯುತ್ತಿನಿಂದ ಗುರುತಿಸುವ ದಾರಿ ತೋರಿಸಿದರು. 1959ರಲ್ಲಿ ಅದಕ್ಕಾಗಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಇಂದು ಕಾವಲುಗಾರರನ್ನು ಅಳೆಯಲು ಪಾದರಸ ಬೇಕಿಲ್ಲ. ಮೂರು ವಿದ್ಯುದ್ವಾರಗಳು ಸಾಕು. ಒಂದು ಕೆಲಸ ಮಾಡುವ ಇಂಗಾಲದ ತುದಿ, ಇನ್ನೊಂದು ವಿದ್ಯುತ್ತಿನ ಸುತ್ತನ್ನು ಪೂರೈಸುವ ಜೊತೆಗಾರ, ಮೂರನೆಯದು ಅಳತೆಗೆ ಆಧಾರವಾಗಿ ನಿಲ್ಲುವ ಬೆಳ್ಳಿಯ ತಂತಿ. ಚಹಾ ಅಥವಾ ಹಣ್ಣಿನ ರಸವಾದರೆ ತಕ್ಕ ದ್ರಾವಣದಲ್ಲಿ ಬೆರೆಸಿ ಇವುಗಳನ್ನು ಅದ್ದುತ್ತಾರೆ. ಎಣ್ಣೆಯಲ್ಲಿ ವಿದ್ಯುತ್ತು ಹರಿಯದ ಕಾರಣ ಅದನ್ನು ಆಲ್ಕೋಹಾಲಿನಂಥ ದ್ರಾವಕಕ್ಕೆ ಸೇರಿಸಿ, ವಿದ್ಯುತ್ತು ಹರಿಸುವ ಲವಣವನ್ನು ಬೆರೆಸಿ, ಆಮೇಲೆ ಅಳೆಯುತ್ತಾರೆ.

ಬಳಿಕ ಇಂಗಾಲದ ತುದಿಗೆ ಕೊಡುವ ವಿದ್ಯುತ್ ಒತ್ತಡವನ್ನು ಸೊನ್ನೆಯಿಂದ ಸುಮಾರು ಒಂದು ವೋಲ್ಟಿನವರೆಗೆ ಮೆಲ್ಲಗೆ ಏರಿಸುತ್ತಾರೆ. ಇದು ಮಾರುಕಟ್ಟೆ ಯಾರ್ಡಿನ ಸವಾಲಿನಂತೆ. ಬೆಲೆ ಏರುತ್ತಾ ಹೋದಂತೆ, ಕಡಿಮೆ ಬೆಲೆಗೇ ಒಪ್ಪುವ ರೈತ ಮೊದಲು ಮಾಲು ಬಿಡುತ್ತಾನೆ. ಬಿಗಿಯಾಗಿ ಕುಳಿತವನು ಬೆಲೆ ಮೇಲೇರಿದ ಮೇಲೆ ಬಿಡುತ್ತಾನೆ. ಇಲ್ಲಿ ಬೆಲೆಯ ಜಾಗದಲ್ಲಿ ವೋಲ್ಟು, ಮಾಲಿನ ಜಾಗದಲ್ಲಿ ಎಲೆಕ್ಟ್ರಾನು. ಸಿ ಜೀವಸತ್ವ, ನೆಲ್ಲಿಕಾಯಿ ಮತ್ತು ಚಹಾದಲ್ಲಿರುವ ಗ್ಯಾಲಿಕ್ ಆಮ್ಲ ಮುಂತಾದ ಉದಾರಿಗಳು ಕಡಿಮೆ ವೋಲ್ಟಿನಲ್ಲೇ ಕೊಟ್ಟುಬಿಡುತ್ತವೆ. ಬಿಗಿಮುಷ್ಟಿಯವು ಮೇಲಿನ ವೋಲ್ಟಿನಲ್ಲಿ ಕೊಡುತ್ತವೆ. ಹರಿದ ವಿದ್ಯುತ್ತನ್ನು ಕಾಗದದ ಮೇಲೆ ಗೆರೆಯಾಗಿ ಬಿಡಿಸಿದರೆ ಗುಡ್ಡದಂಥ ಉಬ್ಬುಗಳು ಕಾಣುತ್ತವೆ. ಉಬ್ಬು ಯಾವ ವೋಲ್ಟಿನಲ್ಲಿ ಎದ್ದಿದೆ ಎಂಬುದು ಕಾವಲುಗಾರನ ಉದಾರತೆಯನ್ನು ಹೇಳುತ್ತದೆ. ಉಬ್ಬಿನ ಎತ್ತರ, ವಿಸ್ತಾರ ಅವರ ಸಂಖ್ಯೆಯನ್ನು ಹೇಳುತ್ತವೆ. ಕೆಲವೇ ನಿಮಿಷಗಳ ಕೆಲಸ.

ನಮ್ಮ ಹಳೆಯ ಪರೀಕ್ಷೆಗಳಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಎಣ್ಣೆಯ ಪೆರಾಕ್ಸೈಡ್ ಪರೀಕ್ಷೆ, ಮೂಗಿನ ಪರೀಕ್ಷೆ ಎರಡೂ ಆಗಿಹೋದ ಕೆಡುಕನ್ನು ಹೇಳುತ್ತವೆ. ಈ ಸಂವೇದಕ, ಎಣ್ಣೆ ಇನ್ನೂ ಚೆನ್ನಾಗಿರುವಾಗಲೇ ಕಾವಲು ಎಷ್ಟು ಉಳಿದಿದೆ ಎಂದು ಹೇಳುತ್ತದೆ. ಕಳ್ಳತನವಾದ ಮೇಲೆ ಲೆಕ್ಕ ಹಾಕುವುದಕ್ಕೂ, ಬಾಗಿಲಲ್ಲಿ ಎಷ್ಟು ಜನ ಕಾವಲುಗಾರರಿದ್ದಾರೆಂದು ಎಣಿಸುವುದಕ್ಕೂ ಇರುವ ವ್ಯತ್ಯಾಸವಿದು.

ಮನೆಯ ಸಕ್ಕರೆ ಮೀಟರು ಹೇಳುವ ಪಾಠ

ಇಂಥ ಸಂವೇದಕವನ್ನು ನಾವು ಕಂಡೇ ಇಲ್ಲವೆನ್ನುವಂತಿಲ್ಲ. ಸಕ್ಕರೆ ಕಾಯಿಲೆಯ ಹಿರಿಯರಿರುವ ಮನೆಗಳಲ್ಲಿ ಬೆರಳಿನ ರಕ್ತದ ಹನಿಯನ್ನು ಪಟ್ಟಿಯ ಮೇಲಿಟ್ಟು ನೋಡುವ ಮೀಟರು ಇರುತ್ತದಲ್ಲ, ಅವುಗಳಲ್ಲಿ ಹೆಚ್ಚಿನವು ಇದೇ ಕುಲದವು. ಪಟ್ಟಿಯ ಮೇಲಿನ ಕಿಣ್ವ ರಕ್ತದ ಗ್ಲೂಕೋಸಿನಿಂದ ಎಲೆಕ್ಟ್ರಾನ್ ತೆಗೆದು ವಿದ್ಯುದ್ವಾರಕ್ಕೆ ಮುಟ್ಟಿಸುತ್ತದೆ, ಮೀಟರು ಎಣಿಸುತ್ತದೆ.

ಇಲ್ಲೊಂದು ಸಂಗತಿ ಪ್ರತಿ ಮನೆಗೂ ತಿಳಿದಿರಬೇಕು. ರೋಗಿಗೆ ರಕ್ತನಾಳದ ಮೂಲಕ ದೊಡ್ಡ ಪ್ರಮಾಣದಲ್ಲಿ ಸಿ ಜೀವಸತ್ವ ಕೊಟ್ಟಿದ್ದರೆ, ಕೆಲವು ಬಗೆಯ ಮೀಟರುಗಳು ಸಕ್ಕರೆ ಇಲ್ಲದಿದ್ದರೂ ಬಹಳ ಇದೆಯೆಂದು ತೋರಿಸುತ್ತವೆ. ಸಿ ಜೀವಸತ್ವ ಉದಾರಿ, ಕಿಣ್ವದ ಹಂಗಿಲ್ಲದೆ ತಾನೇ ಹೋಗಿ ಎಲೆಕ್ಟ್ರಾನ್ ಕೊಟ್ಟುಬಿಡುತ್ತದೆ. ಕೊಟ್ಟವರು ಯಾರೆಂದು ಮೀಟರಿಗೆ ತಿಳಿಯದು. ಆ ಅಂಕಿ ನಂಬಿ ಇನ್ಸುಲಿನ್ ಹೆಚ್ಚಿಸಿದರೆ ಪ್ರಾಣಕ್ಕೇ ಅಪಾಯ. ಅಂಥ ಚಿಕಿತ್ಸೆ ನಡೆಯುತ್ತಿದ್ದರೆ ವೈದ್ಯರಿಗೆ ನೆನಪಿಸಿ, ಸಕ್ಕರೆಯನ್ನು ಪ್ರಯೋಗಾಲಯದಲ್ಲೇ ನೋಡಿಸಬೇಕು. ಊಟದ ನಿಂಬೆಹಣ್ಣು, ನೆಲ್ಲಿಕಾಯಿ ಚಟ್ನಿಗಳಿಂದ ಹೀಗಾಗುವುದಿಲ್ಲ, ಭಯ ಬೇಡ.

ಈ ಒಂದು ಉದಾಹರಣೆಯಲ್ಲಿ ಎಲ್ಲ ಪಾಠವೂ ಅಡಗಿದೆ. ವಿದ್ಯುದ್ವಾರ ಎಣಿಸುವುದು ಎಲೆಕ್ಟ್ರಾನನ್ನು, ಒಳ್ಳೆಯತನವನ್ನಲ್ಲ. ಹಣ್ಣಿನ ರಸ ಕೆಡದಿರಲೆಂದು ಹಾಕುವ ಸಲ್ಫೈಟ್ ಎಂಬ ಗಂಧಕದ ಲವಣವೂ ಎಲೆಕ್ಟ್ರಾನ್ ಕೊಡುತ್ತದೆ. ಎಚ್ಚರ ತಪ್ಪಿ ಅಳೆದರೆ ಸಂರಕ್ಷಕ ಹಾಕಿದ ರಸಕ್ಕೆ ಹೆಚ್ಚು ಅಂಕಿ ಬಂದೀತು. ಇನ್ನೊಂದು ತೊಡಕೂ ಇದೆ. ಎಲೆಕ್ಟ್ರಾನ್ ಕೊಟ್ಟು ಸವೆದ ಪದಾರ್ಥಗಳು ಇಂಗಾಲದ ತುದಿಗೆ ಪೊರೆಯಂತೆ ಅಂಟಿಕೊಳ್ಳುತ್ತವೆ. ತಕ್ಕಡಿಯ ತಟ್ಟೆಗೆ ಬೆಲ್ಲ ಮೆತ್ತಿದ ಹಾಗೆ. ಪ್ರತಿ ಸಲವೂ ಅದನ್ನು ಅಲ್ಯೂಮಿನಾ ಪುಡಿಯಿಂದ ಉಜ್ಜಿ ಹೊಳಪು ಕೊಡಬೇಕು, ಇಲ್ಲವೇ ಒಮ್ಮೆ ಬಳಸಿ ಎಸೆಯುವ ಪಟ್ಟಿಗಳನ್ನು ಉಪಯೋಗಿಸಬೇಕು. ಆ ಶಿಸ್ತಿಲ್ಲದ ಕಡೆಯಿಂದ ಬಂದ ವರದಿಗೆ ಬೆಲೆಯಿಲ್ಲ.

ಯಾರ ಮಣ?

ನಮ್ಮ ಗಡಿನಾಡಿನ ಹಿರಿಯ ವ್ಯಾಪಾರಿಗಳಿಗೆ ಹಳೆಯ ಮಣದ ಲೆಕ್ಕ ನೆನಪಿದ್ದೀತು. ಮದ್ರಾಸು ಪ್ರಾಂತದಲ್ಲಿದ್ದ ಆದವಾನಿಯಲ್ಲಿ ಮದ್ರಾಸು ಮಣವೆಂದರೆ 25 ಪೌಂಡು. ಮುಂಬಯಿ ಪ್ರಾಂತದಲ್ಲಿದ್ದ ಸೊಲ್ಲಾಪುರದಲ್ಲಿ ಮುಂಬಯಿ ಮಣವೆಂದರೆ 28 ಪೌಂಡು. ಬಂಗಾಳದ ಮಣವಂತೂ 82 ಪೌಂಡು ದಾಟುತ್ತಿತ್ತು. 'ನೂರು ಮಣ' ಎಂದರೆ ಸಾಲದು, ಯಾರ ಮಣವೆಂದು ಕೇಳಲೇಬೇಕಿತ್ತು. 1956ರ ತೂಕ ಮತ್ತು ಅಳತೆಗಳ ಕಾಯಿದೆ ಬಂದು, 1958ರಿಂದ ಹಂತಹಂತವಾಗಿ ಕಿಲೋಗ್ರಾಂ ಜಾರಿಯಾದ ಮೇಲೆ ಆ ಗೊಂದಲ ನಿಂತಿತು.

ಆ್ಯಂಟಿಆಕ್ಸಿಡೆಂಟಿನ ಲೋಕಕ್ಕೆ ಇನ್ನೂ ಅಂಥ ಒಂದೇ ಕಿಲೋಗ್ರಾಂ ಬಂದಿಲ್ಲ. ಒಬ್ಬರು 'ಗ್ಯಾಲಿಕ್ ಆಮ್ಲಕ್ಕೆ ಸಮ' ಎಂದು ಬರೆಯುತ್ತಾರೆ, ಇನ್ನೊಬ್ಬರು 'ಸಿ ಜೀವಸತ್ವಕ್ಕೆ ಸಮ' ಎಂದು, ಮತ್ತೊಬ್ಬರು ಟ್ರೋಲಾಕ್ಸ್ ಎಂಬ ಪದಾರ್ಥಕ್ಕೆ ಹೋಲಿಸಿ. ವಿಧಾನಗಳೂ ಹಲವು. ಮಾರ್ಸ್‌ಡೆನ್ ಬ್ಲಾಯ್ಸ್ ಎಂಬುವರು 1958ರಲ್ಲಿ ಪ್ರಕಟಿಸಿದ, ನೇರಳೆ ಬಣ್ಣ ಮಾಸುವುದನ್ನು ನೋಡುವ ಡಿ.ಪಿ.ಪಿ.ಎಚ್. ವಿಧಾನ ಇಂದಿಗೂ ಬಳಕೆಯಲ್ಲಿದೆ. ಬಣ್ಣದ ವಿಧಾನದ ಅಂಕಿಯನ್ನೂ ವಿದ್ಯುದ್ವಾರದ ಅಂಕಿಯನ್ನೂ ಪಕ್ಕಪಕ್ಕ ಇಟ್ಟು 'ಇದು ಅದರ ಎರಡು ಪಟ್ಟು' ಎಂದರೆ, ಮದ್ರಾಸು ಮಣವನ್ನು ಬಂಗಾಳದ ಮಣದಿಂದ ಕಳೆದಂತೆಯೇ ಸರಿ.

ಹಿಂದಕ್ಕೆ ಪಡೆದ ಪಟ್ಟಿ

ಅಮೆರಿಕದ ಕೃಷಿ ಇಲಾಖೆ ಆಹಾರಗಳ ಆ್ಯಂಟಿಆಕ್ಸಿಡೆಂಟ್ ಶಕ್ತಿಯನ್ನು 'ಓರ್ಯಾಕ್' ಎಂಬ ವಿಧಾನದಿಂದ ಅಳೆದು ಪಟ್ಟಿ ಮಾಡಿತ್ತು. ಅದು ವಿದ್ಯುದ್ವಾರದ ಬದಲು ಬೆಳಕಿನ ಮೂಲಕ ಅಳೆಯುವ ಕ್ರಮ. 2010ರ ಪಟ್ಟಿಯಲ್ಲಿ 326 ಆಹಾರಗಳಿದ್ದವು. ಲವಂಗ ಅದರ ಮೇಲಿನ ಸಾಲುಗಳಲ್ಲಿತ್ತು. ಅಳತೆ ನೂರು ಗ್ರಾಮಿಗೆ. ನೂರು ಗ್ರಾಂ ಲವಂಗ ತಿನ್ನುವವರು ಯಾರು? ಆದರೂ ಕಂಪನಿಗಳು ಆ ಅಂಕಿಗಳನ್ನು ಜಾಹೀರಾತಿಗೆ ಎತ್ತಿಕೊಂಡವು. 2012ರಲ್ಲಿ ಇಲಾಖೆಯೇ ಆ ಪಟ್ಟಿಯನ್ನು ಹಿಂದಕ್ಕೆ ಪಡೆಯಿತು. ಗಾಜಿನ ನಳಿಕೆಯ ಅಂಕಿಗೂ ಮನುಷ್ಯನ ದೇಹದಲ್ಲಿ ಆಗುವ ಪರಿಣಾಮಕ್ಕೂ ಸಂಬಂಧ ತೋರುವುದಿಲ್ಲ, ಕಂಪನಿಗಳು ಅಂಕಿಗಳನ್ನು ದುರುಪಯೋಗ ಮಾಡುತ್ತಿವೆ ಎಂಬುದು ಕಾರಣ.

ಮಾತ್ರೆಗಳ ವಿಷಯದಲ್ಲಿ ಇದಕ್ಕಿಂತ ಕಠಿಣವಾದ ಪಾಠ ಮೊದಲೇ ದೊರೆತಿತ್ತು. ಫಿನ್ಲೆಂಡಿನಲ್ಲಿ ಧೂಮಪಾನ ಮಾಡುವ 29,133 ಗಂಡಸರ ಮೇಲೆ ನಡೆಸಿದ ಅಧ್ಯಯನದ ಫಲ 1994ರಲ್ಲಿ ಪ್ರಕಟವಾಯಿತು. ಬೀಟಾ ಕೆರೋಟಿನ್ ಎಂಬ ಹೆಸರಾಂತ ಆ್ಯಂಟಿಆಕ್ಸಿಡೆಂಟ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ. 18ರಷ್ಟು ಹೆಚ್ಚಿತು. ಅಮೆರಿಕದಲ್ಲಿ 18,314 ಜನರ ಮೇಲೆ ನಡೆಯುತ್ತಿದ್ದ ಇಂಥದೇ ಅಧ್ಯಯನವನ್ನು 1996ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ನಳಿಕೆಯಲ್ಲಿ ಕಾವಲುಗಾರನಾದದ್ದು ದೇಹದಲ್ಲಿಯೂ ಹಾಗೆಯೇ ನಡೆಯುತ್ತದೆಂಬ ಭರವಸೆಯಿಲ್ಲ.

ಕಾಸರಗೋಡಿನ ಬಂಧುಗಳು ಮನ್ನಿಸಬೇಕು, ಅಡಕೆಯ ಮಾತನ್ನೂ ಇಲ್ಲಿ ಹೇಳಲೇಬೇಕು. ಅಡಕೆಯಲ್ಲಿ ಚೊಗರಿನ ಪದಾರ್ಥಗಳು ಧಾರಾಳವಾಗಿವೆ. ವಿದ್ಯುದ್ವಾರ ಅದ್ದಿದರೆ ಒಳ್ಳೆಯ ಅಂಕಿಯೇ ಬರುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ, ತಂಬಾಕಿಲ್ಲದ ಅಡಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿದೆ. 2004ರಲ್ಲಿ ಆ ವರದಿ ಅಚ್ಚಾಯಿತು. ಅಂಕಿ ದೊಡ್ಡದಾದ ಮಾತ್ರಕ್ಕೆ ಮಾಲು ಹಿತವೆಂದಾಗದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಡ.

ಹಾಗಾದರೆ ಈ ಅಳತೆ ವ್ಯರ್ಥವೇ?

ಖಂಡಿತ ಅಲ್ಲ. ತಕ್ಕಡಿಯಲ್ಲಿ ಬಂಗಾರದ ತೂಕ ಸಿಗುತ್ತದೆ, ಅದರ ಚೊಕ್ಕತನಕ್ಕೆ ಒರೆಗಲ್ಲು ಬೇಕು. ಯಾವ ಕೆಲಸಕ್ಕೆ ಯಾವುದು ಎಂಬುದಷ್ಟೇ ಪ್ರಶ್ನೆ.

ಈ ಅಳತೆ ಅತ್ಯಂತ ನಂಬಿಕೆಯಿಂದ ನಡೆಯುತ್ತಿರುವ ಜಾಗ ಅಡುಗೆಮನೆಯಲ್ಲ, ವಿದ್ಯುತ್ ಸ್ಥಾವರ. ಅಲ್ಲಿನ ದೊಡ್ಡ ಟರ್ಬೈನುಗಳ ಎಣ್ಣೆಯಲ್ಲೂ ಕಾವಲುಗಾರರನ್ನು ಬೆರೆಸಿರುತ್ತಾರೆ. ಆಗಾಗ ಸ್ವಲ್ಪ ಎಣ್ಣೆ ತೆಗೆದು, ಇದೇ ಏರುವ ವೋಲ್ಟಿನ ವಿಧಾನದಿಂದ ಅಳೆದು, ಹೊಸ ಎಣ್ಣೆಯ ಗೆರೆಯೊಂದಿಗೆ ಹೋಲಿಸುತ್ತಾರೆ. ಇದಕ್ಕೆ ಅಮೆರಿಕದ ಎ.ಎಸ್.ಟಿ.ಎಂ. ಸಂಸ್ಥೆಯ ಡಿ 6810, ಡಿ 6971 ಎಂಬ ಮಾನಕಗಳಿವೆ. ಹೊಸದರಲ್ಲಿ ಇದ್ದುದರ ಕಾಲುಭಾಗಕ್ಕೆ ಇಳಿದರೆ ಎಣ್ಣೆ ಬದಲಿಸುವ ಸಮಯ ಬಂತೆಂದು ತಿಳಿಯುತ್ತಾರೆ. ಇಲ್ಲಿ ಅಂಕಿ ಸುಳ್ಳಾಡುವುದಿಲ್ಲ. ಏಕೆಂದರೆ ಹೋಲಿಕೆ ಅದೇ ಮಾಲಿನ ಹೊಸದಕ್ಕೂ ಹಳೆಯದಕ್ಕೂ. ಯಾವ ಕಾವಲುಗಾರನೆಂಬುದೂ ಮೊದಲೇ ಗೊತ್ತು.

ಅದೇ ನಿಯಮ ನಮ್ಮ ವ್ಯಾಪಾರಕ್ಕೂ ಸಲ್ಲುತ್ತದೆ. ಗಾಣದಿಂದ ಬಂದ ದಿನದ ಶೇಂಗಾ ಎಣ್ಣೆಯ ಅಂಕಿಯನ್ನು ಬರೆದಿಟ್ಟು ಮೂರು ತಿಂಗಳ ನಂತರದ ಅಂಕಿಯೊಂದಿಗೆ ಹೋಲಿಸಿದರೆ, ಉಗ್ರಾಣದ ಜೋಪಾನ ಹೇಗಿದೆಯೆಂದು ತಿಳಿಯುತ್ತದೆ. ಟಿ.ಬಿ.ಎಚ್.ಕ್ಯೂ. ಮಿತಿ ಮೀರಿದೆಯೇ ಎಂದು ನೋಡಬಹುದು. ಲವಂಗದ ಎಣ್ಣೆ ಬಸಿದು ಒಣಗಿಸಿ ಮತ್ತೆ ಮಾರುವ ಹಳೆಯ ಮೋಸ ವಯನಾಡಿನ ಸಂಬಾರ ವ್ಯಾಪಾರಿಗಳಿಗೆ ಹೊಸದಲ್ಲ. ಲವಂಗದ ಸತ್ವವಾದ ಯೂಜಿನಾಲ್ ವಿದ್ಯುದ್ವಾರಕ್ಕೆ ಎಲೆಕ್ಟ್ರಾನ್ ಕೊಡುವಂಥದು. ನಂಬಿಕೆಯ ಮಾದರಿಯ ಪಕ್ಕದಲ್ಲಿ ಅಳೆದರೆ ಬಸಿದ ಲವಂಗದ ಬಡತನ ಬಯಲಾಗುತ್ತದೆ.

ವರದಿ ಹಿಡಿದು ಬಂದವರನ್ನು ಕೇಳಬೇಕಾದ ಮಾತುಗಳು ನಾಲ್ಕು. ಯಾವ ವಿಧಾನದಿಂದ ಅಳೆದಿರಿ? ಯಾವ ಪದಾರ್ಥಕ್ಕೆ ಹೋಲಿಸಿದಿರಿ? ಹೋಲಿಸಿದ ಇನ್ನೊಂದು ಮಾಲನ್ನೂ ಅದೇ ಪ್ರಯೋಗಾಲಯದಲ್ಲಿ, ಅದೇ ವಿಧಾನದಿಂದ ಅಳೆದಿರಾ? ಸಂರಕ್ಷಕ ಸೇರಿಸಿದ್ದರೆ ಅದರ ಪಾಲನ್ನು ಕಳೆದಿರಾ? ನಾಲ್ಕಕ್ಕೂ ನೇರ ಉತ್ತರ ಬಾರದಿದ್ದರೆ ಆ ಕಾಗದವನ್ನು ಗಿರಾಕಿಗೆ ತೋರಿಸಬೇಡಿ. ಆಹಾರದ ಜಾಹೀರಾತು ಮತ್ತು ಹೇಳಿಕೆಗಳ ಬಗ್ಗೆ 2018ರಲ್ಲಿ ಬಂದ ಕೇಂದ್ರದ ನಿಯಮಗಳೂ ಹೇಳಿಕೆ ಸತ್ಯವಾಗಿರಬೇಕು, ದಾರಿ ತಪ್ಪಿಸಬಾರದು, ವೈಜ್ಞಾನಿಕ ಆಧಾರವಿರಬೇಕು ಎನ್ನುತ್ತವೆ.

ಈರುಳ್ಳಿಯ ಪ್ರಶ್ನೆಗೆ ಉತ್ತರ

ಈರುಳ್ಳಿಯಲ್ಲಿ ಕ್ವೆರ್ಸೆಟಿನ್ ಎಂಬ ಆ್ಯಂಟಿಆಕ್ಸಿಡೆಂಟ್ ಇರುವುದು ನಿಜ. ಅದನ್ನು ಮಕ್ಕಳಿಗೆ ಮುಚ್ಚಿಡಬೇಕಿಲ್ಲ. ಆದರೆ ಅದು ಈರುಳ್ಳಿಯ ಸ್ವತ್ತಲ್ಲ, ಸೇಬು, ನುಗ್ಗೆಸೊಪ್ಪುಗಳಲ್ಲೂ ಇದೆ. ನೆಲ್ಲಿಕಾಯಿ, ಹೆಸರು ಕಡಲೆಗಳ ಸಿಪ್ಪೆ, ಎಳ್ಳು, ಕೊತ್ತಂಬರಿ, ಒಣ ಅರಿಶಿನ, ಚಹಾ, ಕಾಫಿ ಎಲ್ಲದರಲ್ಲಿಯೂ ಒಂದಲ್ಲ ಒಂದು ಕಾವಲುಗಾರನಿದ್ದಾನೆ. ಬಗೆಬಗೆಯ ಬೇಳೆ, ಹಣ್ಣು, ತರಕಾರಿಗಳ ಊಟ ಮಾಡುವ ಮನೆಯಲ್ಲಿ ಒಂದು ಗೆಡ್ಡೆಯನ್ನು ಬಿಟ್ಟದ್ದರಿಂದ ಕೊರತೆಯೇನೂ ಬಾರದು. ಜೊತೆಗೆ ಮಕ್ಕಳಿಗೆ ಇನ್ನೊಂದು ಮಾತು ಹೇಳಿ: ನಾವು ಗೆಡ್ಡೆ ಬಿಟ್ಟದ್ದು ಅದರಲ್ಲಿ ಸತ್ವವಿಲ್ಲವೆಂದಲ್ಲ, ಅನಂತ ಜೀವಗಳಿವೆಯೆಂದು. ಮೀಟರಿನ ಅಂಕಿ ಎಷ್ಟೇ ಬರಲಿ, ವ್ರತಕ್ಕೆ ಅದರಿಂದ ಹೆಚ್ಚಳವೂ ಇಲ್ಲ, ಕುಂದೂ ಇಲ್ಲ.

ಹಿರಿಯರ ಅಳತೆ

ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂದು ನಮ್ಮ ಹಿರಿಯರು ಮರ್ಯಾದೆ ಹಾಕಿದ್ದರು. ರಸ ಕೆಟ್ಟ ಪದಾರ್ಥವನ್ನು 'ಚಲಿತರಸ'ವೆಂದು ಬಿಡಿಸಿದರು. ಅದರ ಹಿಂದಿದ್ದ ದೃಷ್ಟಿ ಜೀವದಯೆಯದು, ರಸಾಯನಶಾಸ್ತ್ರದ್ದಲ್ಲ. ಅದನ್ನು ವಿಜ್ಞಾನವೆಂದು ಬಲವಂತವಾಗಿ ಸಾಧಿಸುವುದು ಬೇಡ. ಆದರೆ ಮಾಲಿನ ಮೇಲೆ ಕಾಲ ಕೆಲಸ ಮಾಡುತ್ತಿರುತ್ತದೆ, ಗಡುವು ಮೀರಿದ್ದನ್ನು ತಿನ್ನಬಾರದು, ತಿನ್ನಿಸಬಾರದು ಎಂಬ ಎಚ್ಚರ ಎರಡು ಕಡೆಯೂ ಒಂದೇ. ಮೀಟರಿಲ್ಲದ ಅಂಗಡಿಯಲ್ಲೂ ಮಾಡಬಹುದಾದ್ದು ಬಹಳವಿದೆ. ಎಣ್ಣೆಯ ಡಬ್ಬಿಯನ್ನು ಕತ್ತಲಲ್ಲಿ, ತಂಪಿನಲ್ಲಿ ಇಡಿ. ಅರ್ಧ ಖಾಲಿ ಡಬ್ಬಿಗಳನ್ನು ಬಹಳ ದಿನ ನಿಲ್ಲಿಸಬೇಡಿ. ಹಳೆಯ ತಳದ ಎಣ್ಣೆಯ ಮೇಲೆ ಹೊಸದನ್ನು ಸುರಿಯಬೇಡಿ, ಹಳೆಯದರ ಸರಪಳಿ ಹೊಸದಕ್ಕೂ ಅಂಟುತ್ತದೆ. ಮೊದಲು ಬಂದದ್ದು ಮೊದಲು ಹೋಗಲಿ.

ಅಚೌರ್ಯ ವ್ರತದ ಐದು ಅತಿಚಾರಗಳಲ್ಲಿ ಹೆಚ್ಚುಕಡಿಮೆ ಅಳತೆಯೂ ಕಲಬೆರಕೆ ವ್ಯವಹಾರವೂ ಸೇರಿವೆಯೆಂದು ತತ್ತ್ವಾರ್ಥಸೂತ್ರ ಓದಿದವರಿಗೆಲ್ಲ ಗೊತ್ತು. ಅಳತೆ ಸರಿಯಿದ್ದೂ ಅದು ಹೇಳದ ಮಾತನ್ನು ಅದರ ಬಾಯಿಂದ ಹೇಳಿಸಿ ಮಾರಿದರೆ, ಅದೂ ಆ ಸಾಲಿಗೇ ಸಮೀಪ. ಮೀಟರು ತೋರಿಸುವುದು ಒಂದು ನಯ ಮಾತ್ರ. ಅದನ್ನು ಪೂರ್ಣ ಪ್ರಮಾಣವೆಂದು ಗಿರಾಕಿಗೆ ಕಟ್ಟಿಕೊಡದಿರುವುದು ನಮ್ಮ ಗಲ್ಲೆಗೂ ಮನೆತನಕ್ಕೂ ಶೋಭೆ.

ಮುಂದಿನ ತಿಂಗಳು ತುಪ್ಪದ ಪರೀಕ್ಷೆಗಳ ಬಗ್ಗೆ ನೋಡೋಣ.